ಥಿರ್ಲ್

ಮೂಗು ಚುಚ್ಚಿಸಿಕೊಳ್ಳಲು ಬಂದಾಕೆಗೆ ಎಪ್ಪತ್ತೊಂದು.
ಫಾರಂ ತುಂಬಿದಳು. ಹೆಸರು: ಹೆಸ್ಟರ್ ಥಿರ್ಲ್‌ವಾಲ್.
ಕೆಲಸ: ಶಾಲೆಯಲ್ಲಿ ಟೀಚರಾಗಿದ್ದೆ.
ಅಲರ್ಜಿ: ನಿಕ್ಕಲ್, ಮತ್ತು ಪೆದ್ದು ಪ್ರಶ್ನೆ.
ಹಾಗಾಗಿ, ಈ ವಯಸ್ಸಿನಲ್ಲಿ ಯಾಕೆ ಅಂತ ನಾನು ಕೇಳಲಿಲ್ಲ.

ಶನಿವಾರ. ಡರಮ್ ಸೀಮೆಯ ಮೋಡ ಅಂಗಡಿಯ ಗಾಜಿಗೆ ಒರಗಿತ್ತು.
ಇದು ಹಿಂದೆ ಗಣಿಯವರ ಸಹಕಾರ ಸಂಘ;
ಬೂಟು, ಬೇಕನ್ನು, ಸೀಮೆಎಣ್ಣೆ ಅಳೆದ ಕಟ್ಟೆಯ ಮೇಲೆ
ಈಗ ನನ್ನ ಸೂಜಿ, ಸ್ಪಿರಿಟ್ಟು, ಕಾಳಿನಷ್ಟು ಮೂಗುಬೊಟ್ಟು.

ನಾನು ಕೈಗವಸು ಹಾಕುವುದರೊಳಗೆ ಶುರು ಮಾಡಿದಳು:
ನಿನ್ನ ಬೋರ್ಡಿನಲ್ಲಿ ಪಿಯರ್ಸಿಂಗ್ ಅಂತಿದೆಯಲ್ಲ ಹುಡುಗಿ,
ಅದು ಕಡಲು ದಾಟಿ ಬಂದ ಮಾತು,
ಫ್ರೆಂಚ್ ಆಡುವ ದೊರೆಗಳ ಗಂಟುಮೂಟೆಯಲ್ಲಿ.
ಅದಕ್ಕೂ ಮುಂಚೆ ಇಲ್ಲಿ ಯಾರೂ ಏನೂ ಚುಚ್ಚಲಿಲ್ಲ ಅಂದುಕೊಂಡೆಯಾ?

ಸೂಜಿ ಕಾಯಿತು. ಟೀಚರು ಟೀಚರೇ.

ಥ್ಯುರೆಲ್, ಅಂದಳು. ತೂತು.
ಮೂಗಿಗೆ ಎರಡು: ನೋಸ್‌ಥ್ಯುರೆಲ್,
ಸಾವಿರ ವರ್ಷ ನಾಲಗೆಯ ಮೇಲೆ ಸವೆದು ನಾಸ್ಟ್ರಿಲ್.
ಮನೆಗೋಡೆಯಲ್ಲಿದ್ದದ್ದು ಕಣ್‌ತೂತು;
ಆಮೇಲೆ ಹಡಗಿನಲ್ಲಿ ಬಂದ ಬಡಗಣದವರು
ಅದನ್ನೇ ಗಾಳಿಗಣ್ಣು ಅಂದರು. ಅವರದೇ ಗೆದ್ದಿತು, ವಿಂಡೋ ಆಯಿತು.
ಎರಡರಲ್ಲೂ ಕಣ್ಣಿದೆ ನೋಡು. ಬಡವರ ಮನೆಗೆ ಗಾಜಿರಲಿಲ್ಲ, ಅಷ್ಟೆ.

ಸ್ಟಿಚ್ ಅಂದರೆ ಹೊಲಿಗೆಯಲ್ಲ ಆಗ, ಇರಿತ.
ಓಡುವಾಗ ಪಕ್ಕೆ ಹಿಡಿಯುತ್ತದಲ್ಲ,
ಅದು ಆ ಹಳೆಯ ಇರಿತ, ಇನ್ನೂ ಹೊಲಿಯದೆ ಉಳಿದದ್ದು.
ಗಾರ್ಲಿಕ್ ಅಂದರೆ ಈಟಿಯುಳ್ಳಿ: ಯುದ್ಧ ಕಂಡ ಕಣ್ಣಿಗೆ ಎಸಳೂ ಅಲಗೇ.
ಪ್ರಿಕ ಅಂದರೆ ಮುಳ್ಳು ತಾಗಿದಷ್ಟು ಜಾಗ,
ಮುಳ್ಳು ತಾಗಿದಷ್ಟು ಹೊತ್ತೂ ಹೌದು.
ಇನ್ನು ಥ್ರಿಲ್. ಸಿನಿಮಾದವರು ಟಿಕೇಟಿಗೆ ಮಾರುತ್ತಾರಲ್ಲ, ಅದು
ಭರ್ಜಿ ಮೈಹೊಕ್ಕು ಬೆನ್ನಿನಲ್ಲಿ ಹೊರಬಂದದ್ದು.
ಈ ಕಡೆಯವರ ಬಾಯಲ್ಲಿ ಥಿರ್ಲ್.
ನನ್ನ ಮನೆತನವೇ ತೂತುಗೋಡೆ;
ರೋಮಿನವರು ಕಟ್ಟಿದ್ದಕ್ಕೆ ಯಾರೋ ಕಂಡಿ ಬೀಳಿಸಿದರು,
ದನ ಹೊಡೆದುಕೊಂಡು ಹೋಗಲು ಇದ್ದೀತು.
ಅಷ್ಟೇ ನಮ್ಮ ಹೆಚ್ಚುಗಾರಿಕೆ.

ಥಿರ್ಲ್.
ನನಗೆ ಗೊತ್ತಿತ್ತು ಆ ಪದ. ಪುಸ್ತಕದಿಂದಲ್ಲ.

ಅಜ್ಜ, ಕತ್ಬರ್ಟ್ ಹೆಸ್ಲಪ್, ಹದಿನೈದಕ್ಕೇ ಗಣಿಗಿಳಿದವನು, ಹೇಳುತ್ತಿದ್ದ:
ಈ ಕಡೆಯಿಂದ ನಾವು, ಆ ಕಡೆಯಿಂದ ಅವರು,
ನಡುವೆ ಕಲ್ಲಿದ್ದಲ ಗೋಡೆ. ಹನ್ನೊಂದು ದಿನ ಕೊರೆದೆವು.
ಮೊದಲು ಸದ್ದು, ಇಲಿ ಹಲ್ಲು ಮಸೆದ ಹಾಗೆ.
ಆಮೇಲೆ ಗುದ್ದಲಿಯ ಮೊನೆ, ಅವರದೋ ನಮ್ಮದೋ.
ಆಮೇಲೆ ಗಾಳಿ.
ದೀಪದ ಕುಡಿ ಬಾಗಿತು.
ಥಿರ್ಲ್ ಆಯಿತು ಅಂತ ಕೂಗಿದೆವು.
ತೂತಿನಾಚೆ ಒಂದು ಕಣ್ಣು, ಸುತ್ತ ಬರೀ ಮಸಿ,
ಚಹಾ ಉಳಿದಿದೆಯಾ ಎಂದು ಕೇಳಿತು.

ಕೊನೆಗೆ ಡಾಕ್ಟರು ಅವನ ಗಂಟಲಿಗೇ ತೂತು ಮಾಡಿದರು.
ಉಸಿರು ದಾರಿ ಕಂಡಿತು, ಮಾತು ಕಳೆದುಹೋಯಿತು.
ನರ್ಸು ಕೊಟ್ಟ ಸ್ಲೇಟಿನ ಮೇಲೆ ಒಂದೇ ಪದ ಗೀಚಿದ;
ಕೊನೆಯ ಅಕ್ಷರ ಜಾರಿ ಚೌಕಟ್ಟಿಗೆ ಹತ್ತಿತ್ತು.
ಅಮ್ಮ ಥರ್ಸ್ಟ್ ಅಂತ ಓದಿಕೊಂಡು ನೀರಿಗೆ ಓಡಿದಳು.
ನನಗಾಗ ಹನ್ನೆರಡು. ನಾನೂ ಬಾಯಾರಿಕೆಯೆಂದೇ ತಿಳಿದೆ,
ಹತ್ತಿಯಲ್ಲಿ ತುಟಿ ಒದ್ದೆ ಮಾಡಿದೆ.
ಅವನು ತಲೆಯಾಡಿಸಿದ್ದು
ಬೇಕೆಂದಲ್ಲವೇನೋ.

ಟೀಚರು ನನ್ನನ್ನೇ ನೋಡುತ್ತಿದ್ದಳು. ಏನಾಯಿತು, ಅನ್ನಲಿಲ್ಲ.
ಉಸಿರು ಎಳೆದುಕೊಳ್ಳಿ, ಅಂದೆ. ಬಿಡಿ.
ಒಂದು ಪ್ರಿಕ.
ಎಡಗಣ್ಣು ಮಾತ್ರ ತುಂಬಿತು ಆಕೆಗೆ, ಮೂಗಿನ ಅದೇ ಮಗ್ಗುಲದ್ದು.
ಕನ್ನಡಿ ಹಿಡಿದೆ. ಚೂರು ಓರೆಯಾಗಿದೆ, ಅಂದಳು. ಇರಲಿ.

ದುಡ್ಡು ಎಣಿಸಿಟ್ಟು ಬಾಗಿಲು ತೆರೆದಳು. ಗಾಳಿ ನುಗ್ಗಿತು;
ಹತ್ತಿಯ ಉಂಡೆಯೊಂದು ಕಟ್ಟೆಯ ಮೇಲೆ ಉರುಳಿ
ಕೆಳಗೆ ಬಿತ್ತು.
ಹೆಕ್ಕಲಿಲ್ಲ, ಬಾಗಿಲನ್ನೂ ಹಾಕಲಿಲ್ಲ
ಸ್ವಲ್ಪ ಹೊತ್ತು.